ಅಜ್ಜಿಯ ಓಣಿಗೆ ಹೊಡೆದ ಗೋಲು

ಬೆಟಗೇರಿಯ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ದೈಹಿಕ ಶಿಕ್ಷಕರ ಜಾಗ ಖಾಲಿಯಾದಾಗ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ನನ್ನ ಕೊರಳಿಗೆ ಬಿತ್ತು. ಸಿಬ್ಬಂದಿಯಲ್ಲಿ ದಿನಾ ಬೂಟು ಹಾಕಿಕೊಂಡು ಬರುವವನು ನಾನೊಬ್ಬನೇ ಎಂಬುದು ಮುಖ್ಯೋಪಾಧ್ಯಾಯರು ಕೊಟ್ಟ ಕಾರಣ. ಅದು ಬಯಲಿನ ಚೇಳುಗಳ ಹೆದರಿಕೆಯಿಂದ ಹಾಕಿದ ಬೂಟು ಎಂದು ನಾನು ಹೇಳಲು ಹೋಗಲಿಲ್ಲ.

ಮೊಬೈಲಿನಲ್ಲಿ ವಿಡಿಯೊ ನೋಡಿ ಅಭ್ಯಾಸ ಶುರುಮಾಡಿಸಿದೆ. ಇಟ್ಟಿಗೆಗಳನ್ನು ಸಾಲಾಗಿ ಇಡುವುದು, ಅವುಗಳ ನಡುವೆ ಚೆಂಡು ತಳ್ಳುತ್ತ ಓಡುವುದು. ಹುಡುಗಿಯರು ಓಡಿದರು, ಆಕಳಿಸಿದರು, ಆಮೇಲೆ ಬರುವುದನ್ನೇ ಬಿಟ್ಟರು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳ ಮನೆಗೆ ಬೀಗರು. ಆ ಬೀಗರು ವಾರ ಕಳೆದರೂ ಹೋಗುವವರಲ್ಲ. ಉಳಿದವಳೊಬ್ಬಳು ಮುಖಕ್ಕೇ ಕೇಳಿದಳು: "ಸರ, ಇಟ್ಟಂಗಿ ಜೋಡಿ ಏನ್ ಆಡೋದ್ರಿ? ಅವೇನ್ ತಿರುಗಿ ಒದೀತಾವೇನ್ರಿ?"

ಮಾತಿನಲ್ಲಿ ನ್ಯಾಯವಿತ್ತು. ಇಟ್ಟಂಗಿ ಎತ್ತಿಸಿದೆ. ಇನ್ನು ಮೇಲೆ ಅಭ್ಯಾಸವೆಂದರೆ ಪಂದ್ಯವೇ. ಸೋತವರು ಗೆದ್ದವರ ಶಾಲೆಯ ಚೀಲಗಳನ್ನು ಹೊತ್ತು ಅವರ ಓಣಿಯ ತುದಿಯವರೆಗೆ ಬಿಟ್ಟು ಬರಬೇಕು ಎಂದೆ. ಗುಂಪು ಮಾಡುವುದೂ ಸುಲಭವಾಯಿತು. ಅರ್ಧ ಮಕ್ಕಳು ಮೇಲಿನ ಓಣಿಯವರು, ಅರ್ಧ ಕೆಳಗಿನ ಓಣಿಯವರು. ನಮ್ಮ ಊರಲ್ಲಿ ತಿಳಿದವರು ಯಾರೂ ಒಂದು ಓಣಿಯ ಮೇಲೆ ಇನ್ನೊಂದು ಓಣಿಯನ್ನು ಎತ್ತಿಕಟ್ಟುವುದಿಲ್ಲ. ಆದರೆ ಗಣಿತದವನಿಗೆ ಭಾಗಾಕಾರದಲ್ಲಿ ಶೇಷ ಉಳಿಯದಿದ್ದರೆ ಸಾಕಲ್ಲ.

ತಲೆನೋವು ಹೋಯಿತು, ಬೀಗರೂ ಹೋದರು. ಎಲ್ಲರೂ ಬಂದರು. ಅವರ ಹಿಂದೆಯೇ ಎರಡೂ ಓಣಿಗಳ ಹೆಂಗಸರು ಬಂದು ಬಯಲಿನ ಅಂಚಿನ ಕಟ್ಟೆಯ ಮೇಲೆ ಕೂತರು. "ಚೀಲ ಹೊರಾಕ ಬೆನ್ನ ಗಟ್ಟಿ ಮಾಡ್ಕೋರೆವಾ!" ಎಂದು ಈ ಕಡೆಯವರು ಕೂಗಿದರೆ, "ನಿನ್ನಿ ಹೊತ್ತಿದ್ದು ಮರತ್ರೇನು?" ಎಂದು ಆ ಕಡೆಯವರು. ಇದು ಬಡಿದಾಟಕ್ಕೆ ಮುಟ್ಟಿದರೆ ನನ್ನನ್ನು ಮುಂಡರಗಿಯ ಆಚೆಗೆಲ್ಲೋ ವರ್ಗ ಮಾಡುತ್ತಾರೆಂದು ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿಕೊಂಡೂ ಆಯಿತು.

ಬಂದ ತೊಂದರೆ ಬೇರೆಯದು. ಮೇಲಿನ ಓಣಿಯಲ್ಲಿ ಎಡಗಾಲಿನಿಂದ ಬಲವಾಗಿ ಒದೆಯುವ ಎಂಟನೇ ತರಗತಿಯ ಹುಡುಗಿಯೊಬ್ಬಳಿದ್ದಳು. ನಮ್ಮ ತಂಡಕ್ಕೆ ಆಟವೆಂಬುದು ಇದ್ದರೆ ಅದು ಅವಳಲ್ಲಿಯೇ. ಅವಳ ಚೆಂಡು ಇದ್ದಕ್ಕಿದ್ದಂತೆ ಗೋಲಿನ ಕಲ್ಲುಗಳ ಹೊರಗೇ ಹೋಗತೊಡಗಿತು. ಕಣ್ಣಿನ ದೋಷವಿರಬೇಕು ಎಂದುಕೊಂಡೆ. ಆಮೇಲೆ ರಕ್ತ ಕಡಿಮೆ ಇರಬೇಕು ಅನ್ನಿಸಿತು. ಕೊನೆಗೆ ಬೂಟಿನ ಮೇಲೆ ಅನುಮಾನ ಬಂತು. ಕೇಳಬೇಕೆನ್ನುವಷ್ಟರಲ್ಲಿ ಅವಳೇ ಬಂದು, "ನಾಳಿಂದ ನಾ ಬರಂಗಿಲ್ರಿ ಸರ" ಅಂದಳು.

"ಯಾಕವಾ? ಬೂಟ ಬಿಗಿ ಆಗ್ಯಾವೇನು?"

"ಬೂಟ ಛಲೋ ಅದಾವ್ರಿ. ನಮ್ಮವ್ವ ಮಗ್ಗದ ಮುಂದ ಕುಂತಿರ್ತಾಳ್ರಿ, ಅದಕ್ಕ ಸಾಲಿ ಬಿಟ್ಟಮ್ಯಾಲೆ ಕೆಳಗಿನ ಓಣ್ಯಾಗ ನಮ್ಮಜ್ಜಿ ಮನ್ಯಾಗ ರೊಟ್ಟಿ ತಿಂದು ಬರ್ತೇನಿ. ತಿಂದು ಬಾಯಿ ಒರಸ್ಕೊಂಡು ಆಕಿ ಓಣಿಗೇ ಗೋಲ್ ಹೊಡಿಬೇಕೇನ್ರಿ? ಆಕಿ ಅಲ್ಲೇ ಕಟ್ಟಿ ಮ್ಯಾಲೆ ಕುಂತಿರ್ತಾಳ. ಹೊಡಿಲಿಲ್ಲಂದ್ರ ನಮ್ಮ ಓಣ್ಯಾರು ಬೈತಾರ."

ಓಣಿ ಲೆಕ್ಕ ಕೈಬಿಟ್ಟರೆ ಉಳಿದವರ ಮನೆಗೆ ಮತ್ತೆ ಬೀಗರು ಬರುತ್ತಾರೆ. ಬಿಡದಿದ್ದರೆ ಇವಳು ಹೋಗುತ್ತಾಳೆ. ಬೋಳುತಲೆ ಕೆರೆದುಕೊಂಡು ಅಂದೆ: "ಒಂದ ಕೆಲಸಾ ಮಾಡು. ಮೊದಲನೇ ಅರ್ಧ ಅಜ್ಜಿ ಓಣಿ ಕಡೆ ಆಡು, ಆಮ್ಯಾಲಿಂದು ನಿಮ್ಮ ಓಣಿ ಕಡೆ."

"ಅಂದ್ರ, ನಾನ ಹೊಡದ ಗೋಲು ನಾನ ತೀರಿಸಬೇಕೇನ್ರಿ?" ಎಂದು ನಕ್ಕಳು. ಅಷ್ಟು ದಿನಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. "ಮತ್ತ ಯಾರ ಚೀಲ ಹೊರ್ಲಿ?"

"ನಿಂದ ನೀ ಹೊತ್ಕೊ."

ಮರುದಿನ ಬಂದಳು. ಅಜ್ಜಿಯ ಓಣಿಯ ಪರವಾಗಿ ಆಡಿ ಬೇಗನೆ ಒಂದು ಗೋಲು ಹೊಡೆದಳು. ಕೆಳಗಿನ ಓಣಿಯವರು ಅವಳನ್ನು ಎತ್ತಿ ಕುಣಿದರು. ಮೇಲಿನ ಓಣಿಯ ಹುಡುಗಿಯರು "ಇದ್ ಆಟಾನೋ ನಾಟಕಾನೋ" ಎಂದು ನನ್ನನ್ನೇ ದುರುಗುಟ್ಟಿ ನೋಡಿದರು. ಅರ್ಧ ಮುಗಿದ ಮೇಲೆ ಅವಳು ಬಯಲು ದಾಟಿ ತನ್ನ ಓಣಿಯವರ ಕಡೆಗೆ ಬಂದಳು. ಇನ್ನು ಅವಳು ಒದೆಯುತ್ತಾಳೋ, ಮತ್ತೆ ಕಲ್ಲಿನ ಹೊರಗೆ ಬಿಡುತ್ತಾಳೋ ಎಂದು ನಾನು ಬಾಯಲ್ಲಿದ್ದ ಸೀಟಿಯನ್ನು ಕಚ್ಚಿಕೊಂಡೇ ನಿಂತೆ. ಹಾಗೆ ಬಿಟ್ಟರೆ ಅವಳು ನಾಳೆ ಬರುವುದಿಲ್ಲ, ಅಷ್ಟಂತೂ ಖರೆ.

ಚೆಂಡು ಅವಳ ಎಡಗಾಲಿಗೆ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್, ಅವಳ ಪಕ್ಕಕ್ಕೆ ಕಟ್ಟೆ, ಕಟ್ಟೆಯ ಮೇಲೆ ಅಜ್ಜಿ. ಹುಡುಗಿ ಒಂದು ಸಲ ಕಟ್ಟೆಯ ಕಡೆ ನೋಡಿದಳು. ಆಮೇಲೆ ಒದ್ದಳು. ಚೆಂಡು ಎರಡು ಕಲ್ಲುಗಳ ನಡುವೆ ಹಾದು, ಬಯಲು ದಾಟಿ, ಜಾಲಿಕಂಟಿಯ ಪೊದೆಯೊಳಗೆ ಹೊಕ್ಕಿತು.

ಎರಡೂ ಓಣಿಯವರು ತಿರುಗಿ ಅಜ್ಜಿಯನ್ನೇ ನೋಡುತ್ತಿದ್ದರು.

"ನನ್ನ ಮಾರಿ ಏನ್ ನೋಡ್ತೀರೆ?" ಅಂದಳು ಅಜ್ಜಿ. "ಗೋಲ್ ಆತಿಲ್ಲೋ? ಚೆಂಡ ಹುಡುಕ್ರಿ!" ಆಮೇಲೆ ಮೊಮ್ಮಗಳಿಗೆ, "ಇಷ್ಟ ಜೋರ ಒದಿಯಾಕ ಬರ್ತಿದ್ರ ಇಷ್ಟ ದಿನಾ ಏನ್ ಮಾಡಾಕತ್ತಿದ್ದಿ? ನನ್ನ ರೊಟ್ಟಿಗೆ ಹೆಸರ ಕೆಡಸಾಕತ್ತಿದ್ದೇನು?"

ಕಟ್ಟೆ ಪೂರ್ತಿ ನಕ್ಕಿತು. ಹುಡುಗಿ ಆಗಲೇ ಕಂಟಿಯೊಳಗೆ ನುಗ್ಗಿದ್ದಳು. ಅಲ್ಲಿಂದಲೇ ಕೂಗಿದಳು: "ಸರ, ನಾಳಿ ಮೊದಲ ಯಾವ ಓಣಿ ಕಡೆ ಆಡ್ಲ್ರಿ?"

"ಮೊದಲ ಚೆಂಡ ಹೊರಗ ತಗಿ," ಎಂದು ನಾನೂ ಕೂಗಿದೆ, "ಮುಳ್ಳ ಚುಚ್ಚೀತು!"