ಹೊರಕ್ಕೆ ಬೀಳುವ ಬಾಗಿಲು

ಲೆಂಪಿ ಕಾರ್ನಾಳ ತಂದೆ ಸೌನಾ ಕಟ್ಟುವವನು. ನಮ್ಮ ಸರೋವರದ ದಂಡೆಯ ಮೇಲಿನ, ಬಿಸಿಯಲ್ಲಿ ಬೆವರಿ ಮೀಯುವ ಈ ಉಗಿಮನೆಗಳಲ್ಲಿ ಅರ್ಧದಷ್ಟು ಎದ್ದದ್ದು ಅವನ ಕೊಡಲಿಯಿಂದಲೇ. ದಿಮ್ಮಿ, ಒಲೆಯ ಕಲ್ಲು, ಬೆಂಚಿನ ಎತ್ತರ ಇವುಗಳ ವಿಷಯದಲ್ಲಿ ಮನೆಯವರು ಹೇಳಿದ್ದನ್ನು ಕೇಳುತ್ತಿದ್ದ. ಬಾಗಿಲಿನ ವಿಷಯದಲ್ಲಿ ಮಾತ್ರ ಯಾರ ಮಾತೂ ನಡೆಯುತ್ತಿರಲಿಲ್ಲ. ಬಾಗಿಲು ಹೊರಗಡೆಗೆ ತೆರೆಯಬೇಕು, ಒಳಗೆ ಚಿಲಕ ಇರಕೂಡದು, ಚೌಕಟ್ಟು ಕೂದಲೆಳೆಯಷ್ಟು ಹೊರಕ್ಕೆ ವಾಲಿರಬೇಕು. ಬಿಸಿಗೆ ತಲೆ ತಿರುಗಿದವನು ಬಾಗಿಲಿನ ಮೇಲೆ ಒರಗಿದರೆ ಸಾಕು, ಹೊರಗಿನ ಹಿಮದ ಮೇಲೆ ಹೋಗಿ ಬೀಳಬೇಕು.

ಆ ಮನುಷ್ಯನ ಹಟವೆಲ್ಲ ಮಗಳಿಗೆ ಬಂದಿತ್ತು. ಮಗ ಟೌನೊನಿಗೆ ಬಂದದ್ದು ನಗು ಮಾತ್ರ. ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು, ನಮ್ಮಲ್ಲಿನ ವಾಡಿಕೆಯಂತೆ, ತಂದೆ ಕಟ್ಟಿದ ಸೌನಾದಲ್ಲಿ. ಟೌನೊ ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಳು. ಅವಳ ಮೈ ತೊಳೆದದ್ದೂ ಅದೇ ಬೆಂಚಿನ ಮೇಲೆ. ಅಂದಿನಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಲೆಂಪಿ.

ಯುದ್ಧ ಬಂದು ಗಂಡಸರು ಗಡಿಗೆ ಹೋದಾಗ ಅವಳು ಹಾಲಿನ ಡೈರಿ ಬಿಟ್ಟು ರೈಲುಹಳಿಯ ಪಕ್ಕದ ಶೆಡ್ಡಿಗೆ ಬಂದಳು, ವೆಲ್ಡಿಂಗ್ ಕಲಿತಳು. ಉಕ್ಕಿಗೆ ತೂತು ಕೊರೆಯುವ ಕೆಲಸದಲ್ಲಿ ನಾನು ಅವಳ ಪಕ್ಕದವಳು. ನಮ್ಮ ಫಿನ್‌ಲೆಂಡಿನ ಸೈನ್ಯ ರಷ್ಯನ್ನರಿಂದ ವಶಪಡಿಸಿಕೊಂಡ ಟ್ಯಾಂಕುಗಳು ಆ ಶೆಡ್ಡಿಗೆ ಬರುತ್ತಿದ್ದವು. ಹೊಸದನ್ನು ಕೊಳ್ಳುವ ಶಕ್ತಿ ದೇಶಕ್ಕಿರಲಿಲ್ಲ. ಬಂದದ್ದನ್ನೇ ತೊಳೆದು, ಯಂತ್ರ ರಿಪೇರಿ ಮಾಡಿ, ಮೈಮೇಲೆ ಇನ್ನೊಂದು ಪದರ ಉಕ್ಕಿನ ಹಲಗೆ ಹೊದಿಸಿ ಮತ್ತೆ ಯುದ್ಧಕ್ಕೆ ಕಳಿಸುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡದು ಮೂರು ಗೋಪುರದ ಟ್ಯಾಂಕು. ಅದಕ್ಕೆ ನಮ್ಮವರು ಇಟ್ಟ ಹೆಸರು ಅಂಚೆ ರೈಲು.

ನಲವತ್ಮೂರರ ಚಳಿಗಾಲದಲ್ಲಿ ಅಂಥ ಒಂದು ಅಂಚೆ ರೈಲು ಬಂತು. ಅದನ್ನು ಓಡಿಸುವವನು ಟೌನೊ. ರಿಪೇರಿ ಮುಗಿಯುವವರೆಗೆ ಅವನೂ ಊರಿನಲ್ಲಿಯೇ ಉಳಿದ. ಮೀನು ತುಂಬಿ ಬೇಯಿಸಿದ ಅಕ್ಕನ ರೊಟ್ಟಿ ತಿನ್ನುತ್ತ, ಶೆಡ್ಡಿನ ಹೆಂಗಸರನ್ನೆಲ್ಲ ಗೋಳು ಹೊಯ್ದುಕೊಳ್ಳುತ್ತ ತಿರುಗಾಡಿದ.

ಚಾಲಕ ಕೂರುವ ಗೂಡಿನ ಮುಂದುಗಡೆ ಒಂದು ಉಕ್ಕಿನ ಬಾಗಿಲು. ಅದರ ಕೀಲು ಪಕ್ಕಕ್ಕಿತ್ತು, ಮನೆಯ ಬಾಗಿಲಿನ ಹಾಗೆ. ನಕ್ಷೆಯಲ್ಲಿ ಇದ್ದಂತೆ ಲೆಂಪಿ ಆ ಬಾಗಿಲಿಗೂ ದಪ್ಪ ಹಲಗೆ ಬೆಸೆದಳು. ಬೆಸೆದ ಮೇಲೆ ತಾನೇ ಒಳಗೆ ಹೋಗಿ ಕುಳಿತು, ಮುಚ್ಚಿಕೊಂಡು, ತಳ್ಳಿ ನೋಡಿದಳು. ಹೊರಗೆ ಬಂದವಳ ಮುಖ ಬಿಗಿದಿತ್ತು.

"ಮೇಸ್ತ್ರೀ, ಈ ಬಾಗಿಲು ತೆಗಿಯೋಕೆ ಆಗಲ್ಲ" ಅಂದಳು.

ರಾತಿಕೈನೆನ್ ಮೇಸ್ತ್ರಿ ಮೂವತ್ತು ವರ್ಷ ಹಡಗಿನ ಬಾಯ್ಲರುಗಳಿಗೆ ಬೆಸುಗೆ ಹಾಕಿದ ಮನುಷ್ಯ. ಬಂದು ಒಂದು ಕೈಯಲ್ಲಿ ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದ.

"ತೆಗೀತಲ್ಲಮ್ಮ."

"ಶೆಡ್ಡಿನ ನೆಲ ಸಮ ಇದೆ, ಅದಕ್ಕೆ ತೆಗೀತು. ಟ್ಯಾಂಕು ಹಳ್ಳಕ್ಕೆ ಬಿದ್ದು ವಾಲಿಕೊಂಡ್ರೆ?"

"ಹಳ್ಳಕ್ಕೆ ಬೀಳಿಸ್ಬೇಡ ಅಂತ ನಿನ್ನ ತಮ್ಮಂಗೆ ಹೇಳು."

ಟೌನೊ ಅಲ್ಲೇ, ಕಾಫಿಬೀಜದ ಬದಲು ರೈ ಧಾನ್ಯ ಹುರಿದು ಮಾಡಿದ ಕಾಫಿಯನ್ನು ಬೋಗುಣಿಯಲ್ಲಿ ಕುಡಿಯುತ್ತಿದ್ದ. "ಅಕ್ಕಾ, ಗುಂಡು ಒಳಗೆ ಬರದೇ ಇದ್ರೆ ಸಾಕು ಕಣೇ. ನಾನ್ಯಾಕೆ ಹೊರಗೆ ಬರ್ಲಿ? ಒಳಗೆ ಬೆಚ್ಚಗಿರುತ್ತೆ."

"ಬೆಂಕಿ ಬಿದ್ರೆ ಇನ್ನೂ ಬೆಚ್ಚಗಿರುತ್ತೆ" ಅಂದಳು ಲೆಂಪಿ.

ಶೆಡ್ಡಿನ ಹಿಂದೆ ಸರೋವರಕ್ಕೆ ಇಳಿಯುವ ಇಳಿಜಾರಿದೆ. ಅಲ್ಲಿ ಟ್ಯಾಂಕನ್ನು ಅಡ್ಡಲಾಗಿ ನಿಲ್ಲಿಸಲು ಅವಳು ತಮ್ಮನಿಗೆ ಹೇಳಿದಳು. ಅಂಚೆ ರೈಲು ಗುರುಗುಡುತ್ತ ಹೋಗಿ, ಒಂದು ಮಗ್ಗುಲಿಗೆ ವಾಲಿ ನಿಂತಿತು. ಕೀಲಿದ್ದ ಪಕ್ಕ ಮೇಲಾಯಿತು.

"ಬಲಗೈಗೆ ಏಟಾಗಿದೆ ಅಂತ ತಿಳ್ಕೊ. ಎಡಗೈಯಲ್ಲಿ ತೆಗೆದು ಆಚೆ ಬಾ."

ಬಾಗಿಲು ಗೇಣುದ್ದ ತೆರೆದು, ಧಡ್ ಎಂದು ಮುಚ್ಚಿಕೊಂಡಿತು. ಒಳಗಿನಿಂದ ಟೌನೊನ ನಗು ಕೇಳಿಸಿತು. ಮತ್ತೆ ತಳ್ಳಿದ, ಮತ್ತೆ ಮುಚ್ಚಿಕೊಂಡಿತು. ಮೂರನೆಯ ಸಲ ನಗು ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅವನು ನಡುವಿನ ಗೋಪುರದಿಂದ ತಲೆ ಹೊರಗೆ ಹಾಕಿದ.

"ಹೀಗೂ ಬರಬಹುದಲ್ಲ" ಅಂದ ಮೇಸ್ತ್ರಿ.

"ಬೆಂಕಿ ಎದ್ದಿರೋದು ಆ ಗೋಪುರದಲ್ಲೇ ಆದ್ರೆ?"

ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೋಡು ಲೆಂಪಿ, ಹಲಗೆ ತೆಳ್ಳಗೆ ಮಾಡಿದ್ರೆ ಮೊದಲನೇ ಗುಂಡಿಗೇ ಇವನು ಹೋಗ್ತಾನೆ. ಅದು ಬೇಕಾ ನಿಂಗೆ?"

"ತೆಳ್ಳಗೆ ಮಾಡೋದು ಬೇಡ. ಕೀಲನ್ನ ಪಕ್ಕದಿಂದ ಕಿತ್ತು ಕೆಳಗಡೆ ಹಾಕೋಣ. ಅಗುಳಿ ಎಳೆದ ತಕ್ಷಣ ಬಾಗಿಲು ಅದರ ಭಾರಕ್ಕೆ ಅದೇ ಮುಂದಕ್ಕೆ ಬೀಳ್ಲಿ. ಎಷ್ಟು ದಪ್ಪ ಇದ್ರೆ ಅಷ್ಟು ಬೇಗ ಬೀಳುತ್ತೆ."

"ನಕ್ಷೆಯಲ್ಲಿ ಹಾಗಿಲ್ಲ. ಭಾನುವಾರ ರೈಲಿಗೆ ಏರಿಸ್ಬೇಕು, ಇವತ್ತು ಶುಕ್ರವಾರ. ಹಳೇ ಬೆಸುಗೆ ಬಿಡಿಸಿ, ಹೊಸ ಕೀಲು ಬಡಿದು, ಮತ್ತೆ ಬೆಸೆಯೋದು ಅಂದ್ರೆ ಆಟ ಅಲ್ಲ. ಇದನ್ನ ಕಾಯ್ತಾ ಕೂತ ಜನ ಅಲ್ಲಿ ಕಂದಕದಲ್ಲಿದ್ದಾರೆ."

ಅವನ ಮಾತೂ ಸುಳ್ಳಲ್ಲ. "ಶನಿವಾರ ಮಧ್ಯಾಹ್ನದ ಮೇಲೆ ನಿಮಗೆ ನನ್ನಿಂದ ಏನಾದ್ರೂ ಕೆಲಸ ಇದೆಯಾ?" ಎಂದು ಕೇಳಿದಳು ಲೆಂಪಿ.

"ಶನಿವಾರ ಮಧ್ಯಾಹ್ನ ಯಾರಿಗೆ ಏನು ಕೆಲಸ?" ಅಂದ ಮೇಸ್ತ್ರಿ.

ನಮ್ಮಲ್ಲಿ ಶನಿವಾರದ ಸೌನಾ ತಪ್ಪಿಸುವವರಿಲ್ಲ. ಯುದ್ಧದಲ್ಲಿ ಬೆಣ್ಣೆ ಹೋಯಿತು, ಕಾಫಿ ಹೋಯಿತು, ಸೌನಾ ಹೋಗಲಿಲ್ಲ. ಮರುದಿನ ಮಧ್ಯಾಹ್ನ ಶೆಡ್ಡು ಖಾಲಿಯಾಯಿತು. ದಂಡೆಯುದ್ದಕ್ಕೂ ಚಿಮಣಿಗಳಿಂದ ಹೊಗೆ ಏಳತೊಡಗಿತು. ಲೆಂಪಿ ಮುಖಕ್ಕೆ ಕಪ್ಪು ಗಾಜು ಇಳಿಸಿಕೊಂಡಳು.

"ನೀನು ಹೋಗು ಸೈಮಿ" ಅಂದಳು ನನಗೆ.

"ಕೀಲಿಗೆ ತೂತು ಯಾರು ಕೊರೀತಾರೆ, ನಿಮ್ಮಪ್ಪನಾ?"

ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಟೌನೊ ಕುಲುಮೆಯ ತಿದಿ ಒತ್ತಿದ.

ಕೆಲಸ ನಡೆಯಿತು. ಆದರೆ ಚಳಿ ನಮ್ಮ ಕೈಯಲ್ಲಿರಲಿಲ್ಲ. ದಪ್ಪ ಉಕ್ಕಿನ ಬೆಸುಗೆ ಬೇಗ ತಣ್ಣಗಾದರೆ ಬಿರುಕು ಬಿಡುತ್ತದೆ. ಹೊರಗೆ ಮರಗಳು ಚಟಚಟನೆ ಸಿಡಿಯುವಷ್ಟು ಚಳಿ, ಶೆಡ್ಡಿನ ದೊಡ್ಡ ಒಲೆಯೂ ಆರಿತ್ತು. ಮೊದಲ ಕೀಲಿನ ಬೆಸುಗೆಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಲೆಂಪಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಉಳಿಯಿಂದ ಕೆತ್ತಿ ತೆಗೆದಳು. ಮತ್ತೆ ಬೆಸೆದಳು. ಮತ್ತೆ ಗೆರೆ. ಮತ್ತೆ ಕೆತ್ತಿದಳು.

"ಬಿಡಕ್ಕಾ, ಸಾಕು" ಅಂದ ಟೌನೊ ಮೆಲ್ಲಗೆ. "ಹಳೇ ಕೀಲೇ ಇರ್ಲಿ. ನಾನು ಹುಷಾರಾಗಿ ಓಡಿಸ್ತೀನಿ."

"ನಿನ್ನ ಹುಷಾರು ನಂಗೊತ್ತು. ತಿದಿ ಒತ್ತು."

ಆಗ ಶೆಡ್ಡಿನ ಬಾಗಿಲು ಸರಿಯಿತು. ರಾತಿಕೈನೆನ್ ಮೇಸ್ತ್ರಿ ನಿಂತಿದ್ದ. ಮುಖ ಸೌನಾದ ಬಿಸಿಗೆ ಕೆಂಪಾಗಿತ್ತು, ಒದ್ದೆ ಕೂದಲು ದಾರಿಯಲ್ಲೇ ಹೆಪ್ಪುಗಟ್ಟಿ ಮುಳ್ಳಿನಂತೆ ನಿಂತಿತ್ತು. ಎರಡು ಕೈಯಲ್ಲಿ ಎರಡು ಬಕೆಟ್ಟು. ಒಳಗೆ ಅವನ ಸೌನಾ ಒಲೆಯ ಬಿಸಿ ಬೂದಿ, ಕೆಂಡದ ಸಮೇತ.

"ನನ್ನ ಹೆಂಡ್ತಿ ಅರ್ಧ ಉಗಿಯಲ್ಲಿ ಕೂತು ನನಗೆ ಶಾಪ ಹಾಕ್ತಿದ್ದಾಳೆ" ಅಂದ. "ಬೆಸೆದ ಕೂಡಲೇ ಬೂದಿಯಲ್ಲಿ ಮುಚ್ಚಿಡ್ಬೇಕು. ಇಷ್ಟು ದಿನ ನನ್ನ ಕೈಕೆಳಗಿದ್ದು ಅಷ್ಟೂ ಕಲೀಲಿಲ್ವಾ ನೀನು?"

"ನೀವು ನಿಮ್ಮ ಬೂದಿ ಮನೇಲೇ ಇಟ್ಕೊಂಡಿದ್ರಿ, ಹೇಗೆ ಕಲೀಲಿ?"

ಮೇಸ್ತ್ರಿ ಗಂಟಲಿನಲ್ಲೇ ನಕ್ಕು ಬಕೆಟ್ಟು ಕೆಳಗಿಟ್ಟ. ಲೆಂಪಿ ಬೆಸೆದಳು. ಅವನು ಬೂದಿಯನ್ನು ಗೋಣಿಚೀಲದಲ್ಲಿ ಕಟ್ಟಿ, ಕೂಸಿಗೆ ಹೊದಿಸುವಂತೆ ಬೆಸುಗೆಯ ಮೇಲೆ ಒತ್ತಿ ಹಿಡಿದ. ಬೂದಿ ತೆಗೆದಾಗ ಗೆರೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ಟ್ಯಾಂಕನ್ನು ನಿಲ್ಲಿಸಿದರು. ಟೌನೊ ಎಡಗೈಯಿಂದ ಅಗುಳಿ ಎಳೆದ. ಬಾಗಿಲು ದೊಪ್ಪನೆ ಮುಂದಕ್ಕೆ ಬಿತ್ತು. ಅವನು ಅದರ ಮೇಲೆ ಹೊಟ್ಟೆ ಎಳೆಯುತ್ತ ಹಿಮಕ್ಕೆ ಜಾರಿದ.

"ಮುಚ್ಚೋಕೆ ಕುದುರೆ ಬೇಕಲ್ಲಕ್ಕಾ ಇದಕ್ಕೆ."

ಅವಳು ಅದನ್ನೂ ಯೋಚಿಸಿದ್ದಳು. ಕುದುರೆಯ ಹಳೆಯ ಚರ್ಮದ ಪಟ್ಟಿಗೆ ಕೊಕ್ಕೆ ಹಾಕಿ, ಒಳಗಿನಿಂದ ಜಗ್ಗಿ ಮುಚ್ಚುವಂತೆ ಮಾಡಿದ್ದಳು. "ತೆಗೆಯೋದು ನನ್ನ ಕೆಲಸ, ಮಾಡಿದ್ದೀನಿ. ಮುಚ್ಚೋದು ನಿನ್ನ ಕೆಲಸ" ಅಂದಳು. ಹೊತ್ತಿಗೆ ಸರಿಯಾಗಿ ಟ್ಯಾಂಕು ರೈಲಿಗೆ ಏರಿತು.

ಮರುವರ್ಷದ ಬೇಸಿಗೆಯಲ್ಲಿ ರಷ್ಯನ್ನರ ದೊಡ್ಡ ದಾಳಿ ಬಂತು. ಟೌನೊನ ಸುದ್ದಿ ನಿಂತಿತು. ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ, ಸುದ್ದಿಗಿಂತ ಮುಂಚೆ ಟ್ಯಾಂಕೇ ಬಂತು. ತೆರೆದ ಬೋಗಿಯ ಮೇಲೆ, ನಡುವಿನ ಗೋಪುರ ಸುಟ್ಟು ಕರಿಯಾಗಿ, ಮೈಯೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿ. ಅದು ಯಾವುದೆಂದು ನಾವೆಲ್ಲ ಗುರುತಿಸಿದೆವು.

ಲೆಂಪಿ ಕೈಗವಸು ತೆಗೆದು ಬೋಗಿಯನ್ನು ಹತ್ತಿದಳು. ಮುಂದಿನ ಬಾಗಿಲು ಕೆಳಕ್ಕೆ ಜೋತುಬಿದ್ದಿತ್ತು.

"ಎಳೆದು ತಂದವರು ತೆಗೆದಿರಬಹುದು, ಲೆಂಪಿ" ಅಂದ ಮೇಸ್ತ್ರಿ ಕೆಳಗಿನಿಂದ. ಸುಳ್ಳು ಆಸೆ ಹುಟ್ಟಿಸಲು ಅವನಿಗೆ ಮನಸ್ಸಿರಲಿಲ್ಲ.

ಅವಳು ಬಗ್ಗಿ ಚಾಲಕನ ಗೂಡಿನೊಳಗೆ ನೋಡಿದಳು. ಗೋಡೆಯೆಲ್ಲ ಕಪ್ಪು, ಆಸನ ಸುಟ್ಟು ಕಂಬಿ ಉಳಿದಿತ್ತು. ಆಮೇಲೆ ಬಾಗಿಲಿನ ಒಳಮೈ ನೋಡಿದಳು. ಮುಚ್ಚಿದ್ದಾಗ ಬೆಂಕಿಗೆ ಎದುರಾಗಿ ಇರಬೇಕಾದ ಮೈ ಅದು. ಅಲ್ಲಿ ನಾವು ಬಳಿದಿದ್ದ ಬಿಳಿ ಬಣ್ಣ ಹಾಗೆಯೇ ಇತ್ತು. ಚರ್ಮದ ಪಟ್ಟಿಯೂ ಸುಡದೆ ನೇತಾಡುತ್ತಿತ್ತು.

"ಬೆಂಕಿ ಬರೋ ಮೊದಲೇ ಬಿದ್ದಿದೆ" ಅಂದಳು ಲೆಂಪಿ. "ಮೇಸ್ತ್ರೀ, ನೀವೇ ಹತ್ತಿ ನೋಡಿ."

ಮೇಸ್ತ್ರಿ ಹತ್ತಿ ನೋಡಿದ. ಬಿಳಿ ಬಣ್ಣದ ಮೇಲೆ ಅಂಗೈ ಒರೆಸಿದ, ಅಂಗೈ ನೋಡಿಕೊಂಡ. ಮಸಿ ಇರಲಿಲ್ಲ. ಹೌದೆಂದು ತಲೆಯಾಡಿಸಿದ. ಅವನು ಇಳಿಯುವುದರೊಳಗೆ ಲೆಂಪಿ ಶೆಡ್ಡಿನಲ್ಲಿ ಗಾಜು ಇಳಿಸಿಕೊಂಡು, ಇನ್ನೊಂದು ಟ್ಯಾಂಕಿನ ಮುಂದೆ ಕುಳಿತಿದ್ದಳು. ಅದರ ಬಾಗಿಲಿನ ಕೀಲನ್ನೂ ಕೆಳಕ್ಕೆ ತರುವುದಿತ್ತು. ಈ ಸಲ ಮೇಸ್ತ್ರಿ ನಕ್ಷೆಯ ಮಾತೆತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಗುಂಡಿನ ಸದ್ದು ನಿಂತಿತು. ಟೌನೊ ಬಂದದ್ದು ಒಂದು ಶನಿವಾರ, ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವಾಗ ಅವನ ಕಾಗದಗಳು ಎಲ್ಲೋ ಕಳೆದುಹೋಗಿ ಮನೆಗೆ ಸುದ್ದಿ ಮುಟ್ಟಿರಲಿಲ್ಲವಂತೆ. ಲೆಂಪಿ ಸೌನಾದ ಒಲೆಗೆ ಬೆಂಕಿ ಹಾಕಿದಳು. ನಾನು ನೀರು ಹೊತ್ತು ತಂದೆ.

ಅವನು ಒಳಗೆ ಹೋಗಿ ತುಂಬ ಹೊತ್ತಾಯಿತು. ನಾವಿಬ್ಬರೂ ಮೆಟ್ಟಿಲಲ್ಲಿ ಕುಳಿತು ಸರೋವರ ನೋಡುತ್ತಿದ್ದೆವು. ಆಗ ಬಾಗಿಲು ತಾನಾಗಿ ಹೊರಕ್ಕೆ ತೆರೆದುಕೊಂಡಿತು, ಉಗಿ ನಮ್ಮ ಬೆನ್ನಿಗೆ ಬಂತು.

"ಅಕ್ಕಾ, ಅಪ್ಪನ ಈ ಬಾಗಿಲು ಮುಚ್ಚಿಕೊಂಡು ನಿಲ್ಲೋದೇ ಇಲ್ವಲ್ಲೇ" ಅಂದ ಒಳಗಿನಿಂದ. "ಬಿಸಿಯೆಲ್ಲ ಹೋಗ್ತಿದೆ."

"ಮುಚ್ಚೋದು ನಿನ್ನ ಕೆಲಸ" ಅಂದಳು ಲೆಂಪಿ.

ಅವನು ಮುಚ್ಚಲಿಲ್ಲ. ಅವಳೂ ಏಳಲಿಲ್ಲ.