ಶಿಲುಬೆ ಗುಡ್ಡದ ಕಸ

ಮೊನ್ನೆ ನನ್ನ ಸಹೋದ್ಯೋಗಿಯೊಬ್ಬರು ಮೊಬೈಲಿಗೆ ಒಂದು ವಿಡಿಯೊ ಕಳಿಸಿದರು. ದೂರದ ಯಾವುದೋ ದೇಶದ ಹಳೆಯ ಚರ್ಚು. ಉದ್ದ ಗಡ್ಡ, ಕಪ್ಪು ನಿಲುವಂಗಿಯ ಎರಡು ಪಂಗಡದ ಪಾದ್ರಿಗಳು ಕಸಬರಿಗೆ ಹಿಡಿದು ಒಬ್ಬರನ್ನೊಬ್ಬರು ಬಡಿಯುತ್ತಿದ್ದಾರೆ. ಜಗಳ ಯಾವುದಕ್ಕೆಂದರೆ, ಚರ್ಚಿನ ಯಾವ ಮೂಲೆಯನ್ನು ಯಾರು ಗುಡಿಸಬೇಕು ಎಂಬುದಕ್ಕೆ. "ಇಂಥಾದ್ದು ಎಲ್ಲೆರ ನೋಡೀರೇನ್ರಿ?" ಎಂದು ಕೆಳಗೆ ಬರೆದಿದ್ದರು. "ನೋಡೇನ್ರಿ, ದಾಂಡೇಲ್ಯಾಗ" ಎಂದು ಉತ್ತರಿಸಿದೆ. ಅವರು ನಂಬಲಿಲ್ಲ. ನೀವಾದರೂ ನಂಬಿ.

ಕಸದ ಜಗಳ ಹುಬ್ಬಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೆ, ಆದರೆ ಅದು ಗುಡಿಸದೇ ಇರುವುದಕ್ಕೆ. ನನ್ನ ಹೊಸ್ತಿಲು ದಾಟಿ ನಾನು ಕಸಬರಿಗೆ ಚಾಚುವವಳಲ್ಲ. ಎದುರು ಮನೆಯವರೂ ಅಷ್ಟೇ ಶಿಸ್ತಿನ ಜನ. ನಡುವಿನ ಜಾಗದಲ್ಲಿ ಒಂದು ಚಾಕೊಲೇಟ್ ಕಾಗದ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಇಬ್ಬರ ಮಾನವನ್ನೂ ಕಾಯ್ದುಕೊಂಡು ಬಿದ್ದಿತ್ತು. ಇಂಥ ನಾನು, ಗುಡಿಸುವ ಹಕ್ಕಿಗಾಗಿ ತೋಳೇರಿಸಿದವರನ್ನು ಕಂಡಿದ್ದೇನೆ ಎಂದರೆ ಯಾರಿಗಾದರೂ ನಗು ಬರುವುದು ಸಹಜ.

ಆಗ ನಾವು ದಾಂಡೇಲಿಯ ಅಂಬೇವಾಡಿಯಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರು. ಊರ ಹೊರಗೆ, ಸಾಗವಾನಿ ಮರಗಳ ನಡುವೆ ಒಂದು ಸಣ್ಣ ಗುಡ್ಡ, ಅದಕ್ಕೆ ಕಲ್ಲಿನ ಮೆಟ್ಟಿಲು, ತುದಿಯಲ್ಲಿ ಒಂದು ಕರಿಕಲ್ಲಿನ ಶಿಲುಬೆ. ಅದನ್ನು ಅಲ್ಲಿ ನಿಲ್ಲಿಸಿದವರು ಯಾರೆಂಬುದು ನನಗೆ ಈಗಲೂ ಬಗೆಹರಿಯದ ಕುತೂಹಲ. ಇಗರ್ಜಿಯವರು, ಅಂದರೆ ಕೆಥೊಲಿಕರು, ಗೋವೆಯಿಂದ ಕಾಡು ದಾಟಿ ಬಂದ ಒಬ್ಬ ಪಾದ್ರಿ ಎನ್ನುತ್ತಿದ್ದರು. ಸಭೆಯವರು, ಅಂದರೆ ಪ್ರಾಟೆಸ್ಟಂಟರು, ನಮ್ಮ ಮಿಶನ್ನಿನ ದೊರೆ ಎನ್ನುತ್ತಿದ್ದರು. ಕಲ್ಲಿನ ಮೇಲೆ ಒಂದಕ್ಷರವೂ ಇರಲಿಲ್ಲ. ಕಾಗದಪತ್ರ ಇಲ್ಲದ ಕಡೆ ರೂಢಿಯೇ ಹಕ್ಕು ತಾನೆ? ಹೀಗಾಗಿ ಯಾರು ಗುಡಿಸುತ್ತಾರೋ ಅವರದೇ ಜಾಗ ಎಂದಾಯಿತು. ಶನಿವಾರ ಇಗರ್ಜಿಯವರು ಗುಡಿಸಿ ಮೇಣಬತ್ತಿ ಹಚ್ಚುವರು. ರವಿವಾರ ಸಭೆಯವರು ಬಂದು ಆ ಮೇಣವನ್ನು ಕೆರೆದು, ಮತ್ತೆ ಗುಡಿಸಿ, ಹಾಡು ಹೇಳುವರು. ಹಚ್ಚುವವರು ಮತ್ತು ಕೆರೆಯುವವರು, ಈ ಎರಡು ಪಂಗಡದ ಅಂತರ ಇಷ್ಟೇ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ.

ನಾನು ಬಂಗೂರನಗರದ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಜಗಳ ಹತ್ತಿಕೊಂಡಿತು. ಮೇಣ ಕೆರೆಯುವಾಗ ಸಭೆಯವರು ಶಿಲುಬೆಯ ಬುಡಕ್ಕೆ ಗೀರು ಬೀಳಿಸಿದರು ಎಂದು ಇಗರ್ಜಿಯ ಹಿರಿಯ ಇನಾಸ ಮಾಮಾ ದೂರಿದ. ಅವನು ಬಡಗಿ, ಗೀರು ಅವನ ಕಣ್ಣಿಗೆ ಬೇಗ ಬೀಳುತ್ತದೆ. ಇನ್ನು ಮುಂದೆ ಎರಡೂ ದಿನ ನಾವೇ ಗುಡಿಸುತ್ತೇವೆ ಎಂದ. ಸಭೆಯ ಹಿರಿಯ, ಮಿಲ್ಲಿನಿಂದ ನಿವೃತ್ತನಾದ ಪ್ರಭುದಾಸ ಕಾಕಾ, "ಅದ್ಹೆಂಗ ಕಸಾ ಹೊಡಿತೀ ನೋಡ್ತೇನಿ" ಎಂದು ರವಿವಾರ ಬೆಳಗಾಗುವುದರೊಳಗೆ ಗುಡ್ಡದ ಮೇಲಿದ್ದ. ಕಸಬರಿಗೆಗಳು ಮೇಲೆದ್ದವು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮಾತು ಕೆಟ್ಟಿತು. ಕೊನೆಗೆ ನಾಲ್ಕು ಜನ ಕೂಡಿ ಒಪ್ಪಂದ ಮಾಡಿಸಿದರು. ಇತ್ಯರ್ಥವಾಗುವ ತನಕ ಎರಡೂ ಕಡೆಯವರು ಗುಡ್ಡದಲ್ಲಿ ಕಸಬರಿಗೆ ಮುಟ್ಟುವಂತಿಲ್ಲ.

ಒಪ್ಪಂದ ಮಾಡಿದವರಿಗೆ ಸಾಗವಾನಿ ಎಲೆಯ ನೆನಪಿರಲಿಲ್ಲ. ಎಲೆ ಉದುರುವ ಕಾಲ ಅದು. ಒಂದೊಂದು ಎಲೆಯೂ ಊಟದ ತಾಟಿನಷ್ಟು. ಗುಡ್ ಫ್ರೈಡೆ ಹತ್ತಿರ ಬರುವಷ್ಟರಲ್ಲಿ ಮೆಟ್ಟಿಲುಗಳೇ ಕಾಣದಂತಾದವು. ಒಳಗೆ ಹಾವು ಇದ್ದೀತು ಎಂದು ಜನ ಮೇಲೆ ಹತ್ತುವುದನ್ನೇ ಬಿಟ್ಟರು.

ಇದರಲ್ಲಿ ಸಿಕ್ಕಿಕೊಂಡವಳು ರೋಸಕ್ಕ. ಹಳಿಯಾಳದ ಕಡೆಯ ಹಳ್ಳಿಯಿಂದ ಬಂದ ಸಿದ್ದಿ ಹೆಂಗಸು, ಇಗರ್ಜಿಗೆ ಹೋಗುವವಳು. ನಮ್ಮ ಮನೆಗೆ ಜೇನುತುಪ್ಪ ಮಾರಲು ಬಂದವಳು ಚಹಾಕ್ಕೆ ಕೂತು, ಕೂತವಳು ಅವ್ವನ ಗೆಳತಿಯಾಗಿದ್ದಳು. ಆಕೆಯ ಗಂಡ ಬಸ್ತ್ಯಾಂವ ಜೇನು ಇಳಿಸುವಾಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಧಾರವಾಡದ ದವಾಖಾನೆಗೆ ಒಯ್ದಾಗ ಅವ್ವನೂ ಜೊತೆಗೆ ಹೋಗಿದ್ದಳು. ಅವನೇನಾದರೂ ಎದ್ದು ನಡೆದರೆ ಈಸ್ಟರಿನ ಒಳಗೆ ಗುಡ್ಡದ ಮೆಟ್ಟಿಲನ್ನೆಲ್ಲ ನನ್ನ ಕೈಯಾರೆ ಸ್ವಚ್ಛ ಮಾಡುತ್ತೇನೆ ಎಂದು ರೋಸಕ್ಕ ಹರಕೆ ಹೊತ್ತಿದ್ದಳು. ಬಸ್ತ್ಯಾಂವ ಎದ್ದ, ಕೋಲು ಹಿಡಿದು ನಡೆದ. ಈಗ ಹರಕೆ ತೀರಿಸಬೇಕೆಂದರೆ ಒಪ್ಪಂದ ಅಡ್ಡ ಬಂತು.

"ಇನಾಸ ಮಾಮಾಗ ಕೇಳಿದೆ. ನೀ ಕಸಾ ಹೊಡದ್ರ ಇಗರ್ಜಿಯವ್ರು ಮಾತ ಮುರದ್ರು ಅಂತಾರ, ಬ್ಯಾಡ ಅಂದ," ಎಂದು ರೋಸಕ್ಕ ನಮ್ಮ ಅಡಿಗೆಮನೆಯಲ್ಲಿ ಕೂತು ಅತ್ತಳು. "ಪ್ರಭುದಾಸಣ್ಣಗೂ ಕೈ ಮುಗದೆ. ದೇವರು ಹರಕಿ ಕೇಳಾಂಗಿಲ್ಲವ್ವಾ, ಮನಿಗ್ಹೋಗು ಅಂದ. ದೇವರು ಕೇಳಾಂಗಿಲ್ಲ ಖರೆ, ನಾ ಮಾತು ಕೊಟ್ಟೇನಲ್ರೀ ಅಕ್ಕಾರ? ಹೊಳ್ಳಿ ಅವನ ಕಾಲು ಹೋದ್ರ?"

ಅಪ್ಪ ಒಳಗಿನಿಂದಲೇ, "ಊರ ಉಸಾಬರಿ ನಮಗ್ಯಾಕ?" ಎಂದರು. ಅವ್ವ ಕೇಳಿಸಿಕೊಳ್ಳಲಿಲ್ಲ. ಯಲ್ಲಮ್ಮನಿಗೆ, ಬಸವಣ್ಣನಿಗೆ, ದರ್ಗಾಕ್ಕೆ, ಸಿಕ್ಕ ಸಿಕ್ಕ ಕಡೆ ಹರಕೆ ಹೊತ್ತು ಒಂದನ್ನೂ ಬಾಕಿ ಇಡದ ಹೆಂಗಸು ಅವಳು. "ಕಸಬರಿಗಿ ಮುಟ್ಟಬಾರದು ಅಂದಾರ, ಅದು ನಿಮ್ಮ ಎರಡೂ ಮಂದಿಗೆ. ನಾ ಹೊರಗಿನಾಕಿ, ನಾ ಹಿಡಿತೇನಿ. ನೀ ಎಲಿ ಕೈಲೆ ಆರಿಸು. ಕೈಗೆ ಯಾರು ಅಡ್ಡಿ ಮಾಡ್ಯಾರ?"

ಮರುದಿನ ಬೆಳಿಗ್ಗೆ ಮೂವರೂ ಹೋದೆವು. ನೀರಿನ ಕೊಡ ನನ್ನ ಪಾಲಿಗೆ. ರೋಸಕ್ಕ ಒಂದೊಂದೇ ಮೆಟ್ಟಿಲಿನ ಮೇಲೆ ಮೊಣಕಾಲೂರಿ, ಎರಡೂ ಕೈಯಿಂದ ಎಲೆ ಬಾಚಿ ಬುಟ್ಟಿಗೆ ತುಂಬುತ್ತ ಬಂದಳು. ಬಾಯಲ್ಲಿ ಕೊಂಕಣಿಯ ಪ್ರಾರ್ಥನೆ. ಹಿಂದೆ ಅವ್ವ ಉಳಿದ ಪುಡಿಯನ್ನು ಗುಡಿಸುತ್ತ ಬಂದಳು. ಬಿಸಿಲು ಏರುವಷ್ಟರಲ್ಲಿ ಮೆಟ್ಟಿಲುಗಳೆಲ್ಲ ಬಯಲಾದವು. ರೋಸಕ್ಕ ಶಿಲುಬೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಳು. ನನಗೂ ಕಣ್ಣು ತುಂಬಿದವು.

ಅಷ್ಟಕ್ಕೇ ಬಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಗುಡಿಸಿ ಸುಮ್ಮನೆ ಬರುವುದು ಅವ್ವನಿಗೆ ಗೊತ್ತಿರಲಿಲ್ಲ. ಶಿಲುಬೆಯ ಮುಂದಿನ ಕಲ್ಲಿಗೆ ನೀರು ಚಿಮುಕಿಸಿ, ಸೆರಗಿನ ಗಂಟಿನಿಂದ ಹಿಟ್ಟು ತೆಗೆದು, ಎಂಟು ಎಸಳಿನ ಕಮಲ ಬರೆದೇ ಬಿಟ್ಟಳು.

ಸುದ್ದಿ ಮುಟ್ಟಿ, ಇನಾಸ ಮಾಮಾ ಮತ್ತು ಪ್ರಭುದಾಸ ಕಾಕಾ ಏದುಸಿರು ಬಿಡುತ್ತ ಬಂದರು. ತಿಂಗಳುಗಟ್ಟಲೆ ಮುಖ ನೋಡದವರು ಅಂದು ಜೋಡಿಯಾಗಿ ಗುಡ್ಡ ಹತ್ತಿದ್ದರು.

"ಅಲ್ರೀ ಅವ್ವಾರ, ಇದೇನು ಗುಡಿ ಏನ್ರಿ?" ಎಂದ ಪ್ರಭುದಾಸ ಕಾಕಾ. "ನಾಳೆ ನಮ್ಮ ಸ್ವಾಮಿ ಪ್ರಾಣ ಬಿಟ್ಟ ದಿನ. ರಂಗೋಲಿ ಹಾಕ್ತಾರೇನ್ರಿ?"

"ನಮ್ಮಲ್ಲೂ ಸಾವಿನ ಮನಿ ಮುಂದ ಹಾಕಾಂಗಿಲ್ರಿ," ಎಂದಳು ಅವ್ವ ತಣ್ಣಗೆ. "ಖರೆ, ಮೂರನೇ ದಿನಕ್ಕ ಎದ್ದು ಬರ್ತಾನ ಅಂತ ರೋಸಾ ಹೇಳ್ಯಾಳ. ಎದ್ದು ಬರಾವಂಗ ಬಾಗಲಾ ಬರೇ ಇಟ್ರ ಚಂದ ಕಾಣ್ತೈತೇನ್ರಿ? ನಿಮಗ ಬ್ಯಾಡಾದ್ರ ಅಳಸ್ರಿ."

ಇನಾಸ ಮಾಮಾ ಕಾಲು ಎತ್ತಿದ. ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟ. ಅಳಿಸುವುದೆಂದರೂ ಸ್ವಚ್ಛ ಮಾಡಿದಂತೆಯೇ ಅಲ್ಲವೆ? ಅಳಿಸಿದವನು ಒಪ್ಪಂದ ಮುರಿದಂತೆ.

"ನೀವ ಅಳಸ್ರಿ," ಎಂದ ಪ್ರಭುದಾಸ ಕಾಕಾನಿಗೆ.

"ನಾ ಯಾಕ ಅಳಸ್ಲಿ? ನೀವ ಅಳಸ್ರಿ."

ಯಾರೂ ಅಳಿಸಲಿಲ್ಲ. ಶುಕ್ರವಾರ ಬೆಳಿಗ್ಗೆ ಇಗರ್ಜಿಯವರು, ಮಧ್ಯಾಹ್ನ ಸಭೆಯವರು, ಕಮಲದ ಒಂದು ಎಸಳನ್ನೂ ತುಳಿಯದಂತೆ ಸೀರೆ, ಪ್ಯಾಂಟು ಎತ್ತಿ ಹಿಡಿದು ಸುತ್ತು ಹಾಕಿ ನಡೆದರು. ಬಸ್ತ್ಯಾಂವ ಕೋಲೂರಿಕೊಂಡು ಮೇಲೆ ಬಂದಾಗ ಎರಡೂ ಕಡೆಯವರು ದಾರಿ ಬಿಟ್ಟರು.

ಇತ್ಯರ್ಥ ಇವತ್ತಿನವರೆಗೂ ಆಗಿಲ್ಲ. ಪ್ರತಿ ವರ್ಷ ಎಲೆ ಉದುರಿದಾಗ ಅವ್ವ ಹೋಗುತ್ತಿದ್ದಳು, ಗುಡಿಸುತ್ತಿದ್ದಳು, ರಂಗೋಲಿ ಹಾಕುತ್ತಿದ್ದಳು. ನಾನು ಹುಬ್ಬಳ್ಳಿಗೆ ಬಂದ ಮೇಲೆ ಇದನ್ನು ಎಲ್ಲರಿಗೂ ನಗೆಯ ಕತೆಯಾಗಿ ಹೇಳಿದೆ. ಇಬ್ಬರ ಜಗಳದಲ್ಲಿ ಮೂರನೆಯವಳಿಗೆ ಕಸಬರಿಗೆ ಸಿಕ್ಕಿತು ಎಂದು ಅವ್ವನ ಎದುರಿಗೇ ಆಡಿಕೊಂಡೆ. ಅವಳೂ ನಗುತ್ತಿದ್ದಳು. ಕಳೆದ ಮಳೆಗಾಲದಲ್ಲಿ ತೀರಿಕೊಂಡಳು.

ವಿಡಿಯೊ ನೋಡಿದ ಮೇಲೆ ಮನಸ್ಸು ತಡೆಯದೆ ರೋಸಕ್ಕನಿಗೆ ಫೋನ್ ಮಾಡಿದೆ. ಈ ವರ್ಷ ಗುಡ್ಡ ಯಾರು ಗುಡಿಸಿದರು ಎಂದು ಕೇಳಿದೆ.

"ಯಾರೂ ಇಲ್ಲ ತಂಗಿ. ಮಣಕಾಲ ಮಟಾ ಎಲಿ ಬಿದ್ದೈತಿ."

"ನೀನ ಆರಿಸಿ ಬಿಡಬೇಕಿತ್ತಲ್ಲ ಅಕ್ಕಾ?"

"ನನ್ನ ಹರಕಿ ಒಂದ ಸಲದ್ದು, ಅವತ್ತ ತೀರಿತು. ವರ್ಷಾ ಹೊಡಿಯೂದು ನಿಮ್ಮವ್ವಾರ ಹರಕಿ. ನಿನಗ ಹೇಳಿಲ್ಲೇನು?"

ಇಲ್ಲ ಎಂದೆ.

"ದವಾಖಾನ್ಯಾಗ ನನ್ನ ಬಾಜೂಕ ಕುಂತಿದ್ರು. ನಾ ಬೇಡ್ಕೊಳ್ಳೂದು ನೋಡಿ ಅವ್ರೂ ಕೈ ಮುಗದ್ರು. ‘ನಿಮ್ಮ ಪ್ರಾರ್ಥನಿ ನನಗ ಬರಾಂಗಿಲ್ಲ, ಕಸಾ ಹೊಡಿಯಾಕ ಬರ್ತೈತಿ. ಇವ ಎಲ್ಲೀತನಕ ನಡೀತಾನೋ ಅಲ್ಲೀತನಕ ವರ್ಷಾ ಬಂದು ಹೊಡಿತೇನಿ’ ಅಂದ್ರು. ಈಗ ನಿನಗ ಬಾ ಅನ್ನಾಕ ನಾ ಯಾರವ್ವಾ?"

"ಬಸ್ತ್ಯಾಂವ ಮಾಮಾ ಹೆಂಗದಾನ?" ಎಂದೆ.

"ಆರಾಮ ಅದಾನ. ಸಂತಿಗೆ ಹೋಗ್ಯಾನ, ನಡಕೋತ."

ಫೋನ್ ಇಟ್ಟು, ದಾಂಡೇಲಿಗೆ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ಹುಡುಕತೊಡಗಿದೆ.