ನೆಲದ ಮೇಲಿಟ್ಟು ಕೊಡುತ್ತಿದ್ದ ಚಾಕು

ಡಿಸೆಂಬರ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಹೊರಗೆ ಮಂಜು ಇನ್ನೂ ಕರಗಿಲ್ಲ. ಪೆನ್ನು ಹಿಡಿಯುವ ಮೊದಲು ಬೆರಳುಗಳನ್ನು ಕಾಫಿ ಲೋಟಕ್ಕೆ ಒತ್ತಿ ಬೆಚ್ಚಗೆ ಮಾಡಿಕೊಳ್ಳಬೇಕಾಯಿತು. ಇಂಥ ಬೆಳಗಿನಲ್ಲಿ ಪ್ರತಿವರ್ಷ ಒಂದು ಹಳೆಯ ನೋಟ್‌ಬುಕ್ ತೆಗೆದು ನೋಡುತ್ತೇನೆ, ಮತ್ತೆ ಒಳಗಿಡುತ್ತೇನೆ. ಈ ಸಲ ಒಳಗಿಡಲಿಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ಆಗ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಎಸ್ಟೇಟುಗಳಲ್ಲಿ ಚಾಕು ಇಟ್ಟುಕೊಳ್ಳದ ದೊಡ್ಡವರು ಕಡಿಮೆ. ಕಳೆ ಸವರುವ ಉದ್ದ ಕತ್ತಿಯ ವಿಷಯವಲ್ಲ ಇದು. ಮಡಚಿದರೆ ಅಂಗೈಯೊಳಗೆ ಅಡಗುವ ಸಣ್ಣ ಚಾಕು. ಗಂಡಸರು ಚಡ್ಡಿ ಜೇಬಿನಲ್ಲಿ, ಹೆಂಗಸರು ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ಬೆಂಕಿ ಹೊತ್ತಿಸಲು ಚಕ್ಕೆ ಸೀಳುವುದು, ಒಡೆದ ಹಿಮ್ಮಡಿಯ ಸತ್ತ ಚರ್ಮ ಹೆರೆಯುವುದು, ಕಿತ್ತಳೆ ಸುಲಿಯುವುದು, ಗೋಣಿಯ ಹೊಲಿಗೆ ಬಿಚ್ಚುವುದು. ಆದರೆ ಅದೇ ಚಳಿಯಲ್ಲಿ ಚಾಕು ಹಟ ಮಾಡುತ್ತಿತ್ತು. ಅಲಗು ತಿರುಗುವ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟಿರುತ್ತಿದ್ದರು. ಡಿಸೆಂಬರಿನಲ್ಲಿ ಎಣ್ಣೆ ಗಟ್ಟಿಯಾಗಿ ಚಾಕು ತೆರೆಯುತ್ತಲೇ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದವರೆಲ್ಲ ಚಾಕುವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಜ್ವರ ನೋಡಿಸಿಕೊಳ್ಳುವವರ ಹಾಗೆ ತೋಳು ಬಿಗಿಹಿಡಿದು ಬೆಂಕಿಯ ಸುತ್ತ ನಿಂತಿರುತ್ತಿದ್ದರು.

ನನಗೆ ಹನ್ನೊಂದು ವರ್ಷ. ಅಪ್ಪ ಅಂಥದೊಂದು ಎಸ್ಟೇಟಿನ ರೈಟರು. ಹಾಜರಿ ಬರೆಯುವುದು, ಕೊಯ್ಲಿನ ಲೆಕ್ಕ ಇಡುವುದು ಅವರ ಕೆಲಸ. ನಾವಿದ್ದದ್ದು ಎಸ್ಟೇಟಿನವರೇ ಕೊಟ್ಟ ಮನೆ, ಕಾಫಿ ಒಣಗಿಸುವ ಕಣದ ಪಕ್ಕದಲ್ಲೇ. ಆ ಡಿಸೆಂಬರಿನಲ್ಲಿ ನಮ್ಮ ಮೇಷ್ಟ್ರು, ಒಂದು ತಿಂಗಳು ಏನನ್ನಾದರೂ ದಿನಾ ಎಣಿಸಿ ಬರೆದು ತನ್ನಿ ಎಂದರು. ಒಬ್ಬ ಬಸ್ಸು ಎಣಿಸಿದ, ಒಬ್ಬಳು ಕೋಳಿಮೊಟ್ಟೆ. ನಾನು ಚಾಕು ಎಣಿಸುತ್ತೇನೆಂದೆ. ಅಪ್ಪನಿಗೆ ಬಹಳ ಖುಷಿಯಾಯಿತು. ತಮ್ಮ ಹಾಜರಿ ಪುಸ್ತಕಕ್ಕೆ ಗೆರೆ ಹಾಕುವ ಮರದ ಸ್ಕೇಲಿನಲ್ಲೇ ನನ್ನ ನೋಟ್‌ಬುಕ್ಕಿಗೂ ಗೆರೆ ಎಳೆದು ನಾಲ್ಕು ಮನೆ ಮಾಡಿಕೊಟ್ಟರು. ತಾರೀಕು, ಗಂಟೆ, ಯಾರ ಚಾಕು, ಏನು ಕೊಯ್ದದ್ದು. ಒಮ್ಮೆ ಬರೆದದ್ದನ್ನು ತಿದ್ದಬಾರದು, ಲೆಕ್ಕಕ್ಕೆ ಮರ್ಯಾದೆ ಇರುವುದೇ ಅದರಿಂದ ಎಂದು ಹೇಳಿಕೊಟ್ಟವರೂ ಅವರೇ.

ಡಿಸೆಂಬರ್ ಹನ್ನೆರಡರಿಂದ ಜನವರಿ ಹನ್ನೊಂದರವರೆಗೆ ನಮ್ಮ ಕಣದ ಏಳು ಚಾಕುಗಳು ಇನ್ನೂರ ಹದಿನಾಲ್ಕು ಸಲ ಹೊರಬಂದಿವೆ. ಅದರಲ್ಲಿ ತೊಂಬತ್ತೇಳು ತಿಮ್ಮಣ್ಣನದು.

ತಿಮ್ಮಣ್ಣ ಕಣದ ಕೆಲಸಗಾರ. ಐವತ್ತು ದಾಟಿದ್ದ, ತೆಳ್ಳಗಿನ ಮನುಷ್ಯ. ಕಾಫಿ ಹರವುವುದು, ಗೋರುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು ಅವನ ಪಾಲಿನದು. ಪಾರ್ಚ್‌ಮೆಂಟ್ ಎಂದು ಕರೆಯುವ, ಸಿಪ್ಪೆ ತೆಗೆದು ತೊಳೆದ ಬೀಜ ಒಣಗಿದೆಯೋ ಇಲ್ಲವೋ ಎಂದು ಉಳಿದವರು ಹಲ್ಲಿನಲ್ಲಿ ಕಚ್ಚಿ ನೋಡಿದರೆ ಅವನು ಬೀಜವನ್ನು ಕಲ್ಲಿನ ಮೇಲಿಟ್ಟು ಚಾಕುವಿನ ಅಲಗು ಒತ್ತುತ್ತಿದ್ದ. ಅಲಗು ಇಳಿದರೆ ಇನ್ನೂ ಹಸಿ, ಜಾರಿದರೆ ಒಣಗಿದೆ. ಆ ಚಾಕುವಿಗೆ ಕೊಂಬಿನ ಹಿಡಿ, ಹಿಡಿಗೆ ಮೂರು ಹಿತ್ತಾಳೆ ಮೊಳೆ. ಮಧ್ಯದ ಮೊಳೆ ಬಿದ್ದುಹೋಗಿ ಅಲ್ಲಿ ತಾಮ್ರದ ತಂತಿ ಸುತ್ತಿದ್ದ.

ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ನಾನು ನೋಟ್‌ಬುಕ್ ಹಿಡಿದು ಅವನ ಹಿಂದೆಯೇ. ಅವನಿಗೆ ಅದೊಂದು ತಮಾಷೆ. ಚಾಕು ಜೇಬಿನಿಂದ ಅರ್ಧ ತೆಗೆದು ನನ್ನ ಕಡೆ ನೋಡಿ ಮತ್ತೆ ಒಳಗಿಡುತ್ತಿದ್ದ.

“ಅಲ್ಲ ಮಾರಾಯ್ತಿ, ಇದ್ರಲ್ಲಿ ಬೆನ್ನು ತುರಿಸ್ಕೊಂಡ್ರೂ ಬರೀತೀಯಾ?”

“ಕೊಯ್ದ್ರೆ ಮಾತ್ರ.”

“ಹಂಗಾದ್ರೆ ಬಾ, ಕಿತ್ತಳೆ ಕೊಯ್ಯಾಣ. ನಿನ್ನ ಲೆಕ್ಕ ತುಂಬ್ಲಿ.”

ನೆರಳಿನ ಮರಗಳ ನಡುವೆ ಕಿತ್ತಳೆ ಗಿಡಗಳಿದ್ದವು. ಅವನು ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಸುಲಿದು ಬೆಂಕಿಗೆ ಹಾಕುತ್ತಿದ್ದ. ಚಟಚಟ ಸಿಡಿದು ನೀಲಿ ಉರಿ ಏಳುತ್ತಿತ್ತು. ಆ ವಾಸನೆ, ಹಸಿ ಕಾಫಿ ಸಿಪ್ಪೆಯ ಹುಳಿ ವಾಸನೆ, ಅವನ ಸ್ವೆಟರಿನ ಹೊಗೆ, ಇವು ಮೂರೂ ಸೇರಿದರೆ ನನಗೆ ಇವತ್ತಿಗೂ ಜನವರಿ.

ಮೊದಲ ಸಲ ನಾನೇ ಸುಲಿಯುತ್ತೇನೆಂದು ಕೈ ಚಾಚಿದಾಗ ಅವನು ಕೊಡಲಿಲ್ಲ. ಚಾಕುವನ್ನು ಕಣದ ಅಂಚಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ತೆಗೆದುಕೊ ಎಂದು ಗದ್ದದಲ್ಲೇ ಸನ್ನೆ ಮಾಡಿದ. ಕೈಗೇ ಯಾಕೆ ಕೊಡಲಿಲ್ಲ ಎಂದು ಕೇಳಿದೆ.

“ಚಾಕು ಕೈಯಿಂದ ಕೈಗೆ ಕೊಡಬಾರ್ದು ಪುಟ್ಟಿ. ಕೊಟ್ಟೋರಿಗೂ ತಗಂಡೋರಿಗೂ ಮನಸ್ಸು ಮುರೀತದೆ. ನೆಲಕ್ಕಿಟ್ರೆ ಆ ಕೆಟ್ಟದ್ದನ್ನ ನೆಲ ತಗಳ್ತದೆ.”

ಅಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಬಗ್ಗಿ ಇಡುವುದು, ಬಗ್ಗಿ ಎತ್ತಿಕೊಳ್ಳುವುದು. ಎಷ್ಟೇ ಅವಸರವಿದ್ದರೂ ತಪ್ಪಿಸುತ್ತಿರಲಿಲ್ಲ. ಆ ತಿಂಗಳು ತಿಮ್ಮಣ್ಣನ ಚಾಕು ನನಗೆ ಇಪ್ಪತ್ತಮೂರು ಸಲ ಸಿಕ್ಕಿದೆ. ಇಪ್ಪತ್ತಮೂರು ಸಲವೂ ಕಲ್ಲಿನ ಮೇಲಿಂದ.

ಜನವರಿ ಒಂಬತ್ತು. ನೋಟ್‌ಬುಕ್ಕಿನಲ್ಲಿ ಹೀಗಿದೆ: ಗಂಟೆ ಏಳು ಹತ್ತು. ತಿಮ್ಮಣ್ಣನ ಚಾಕು. ಟಾರ್ಪಾಲಿನ ಹಗ್ಗ.

ಆ ಬೆಳಿಗ್ಗೆ ಲಾರಿ ಬರುವುದಿತ್ತು. ಅಷ್ಟರೊಳಗೆ ಒಂದು ರಾಶಿಯನ್ನಾದರೂ ಗೋಣಿಗೆ ತುಂಬಿಸಬೇಕು ಎಂದು ಅಪ್ಪ ಕಣದಲ್ಲಿ ಚಡಪಡಿಸುತ್ತಿದ್ದರು. ಇಡೀ ರಾತ್ರಿ ಇಬ್ಬನಿ ಕುಡಿದ ಹಗ್ಗದ ಗಂಟು ಕಲ್ಲಿನ ಹಾಗಾಗಿತ್ತು. ಅಪ್ಪ ಬಿಚ್ಚಲು ನೋಡಿದರು, ಬೆರಳು ಮರಗಟ್ಟಿ ಆಗಲಿಲ್ಲ. ತಿಮ್ಮಣ್ಣ ಬೆಂಕಿಗೆ ಕೈ ಹಿಡಿದು ಕೂತಿದ್ದ. ಕೈ ಕಾಯಿಸಿಕೊಂಡು ಬಂದು ಗಂಟನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಅದು ಸಡಿಲವಾಗುತ್ತಿತ್ತು. ಅವನು ದಿನಾ ಮಾಡುತ್ತಿದ್ದದ್ದೇ ಹಾಗೆ. ಅಪ್ಪ ಚಾಕು ಕೇಳಿದರು. ಅಪ್ಪನ ಜೇಬಿನಲ್ಲಿ ಯಾವತ್ತೂ ಪೆನ್ನು ಮಾತ್ರ. ತಿಮ್ಮಣ್ಣ ಚಾಕುವನ್ನು ನೆಲಕ್ಕಿಟ್ಟ. ಅಪ್ಪ ಎತ್ತಿಕೊಂಡು ಹಗ್ಗಕ್ಕೆ ಹಿಡಿದಾಗ ಅವನು ಎದ್ದೇ ಬಂದ.

“ಕುಯ್ಯಬ್ಯಾಡಿ ರೈಟ್ರೇ, ಸಂಜೆಗೆ ಹಗ್ಗ ಗಿಡ್ಡ ಆಗ್ತದೆ. ಒಂದು ಗಳಿಗೆ ತಡೀರಿ.”

ಅಪ್ಪ ತಡೆಯಲಿಲ್ಲ. ಒಂದಲ್ಲ, ನಾಲ್ಕು ಗಂಟು ಕೊಯ್ದರು. ನಾನು ಮೂರು ಮಾರು ದೂರದಲ್ಲಿ ನಿಂತು ಬರೆದುಕೊಂಡೆ.

ಸಂಜೆ ಉಳಿದ ಕಾಫಿಗೆ ಹೊದಿಸಿ ಕಟ್ಟಲು ಹಗ್ಗ ಸಾಲಲಿಲ್ಲ. ತಿಮ್ಮಣ್ಣ ಹೊಸ ಹಗ್ಗ ಕೇಳಿದ. ನಾಳೆ ಮೂಡಿಗೆರೆಯಿಂದ ತರಿಸುತ್ತೇನೆ, ಇವತ್ತಿಗೆ ಹೇಗಾದರೂ ಕಟ್ಟು ಎಂದರು ಅಪ್ಪ. ಅವನು ಗೋಣಿ ಹೊಲಿಯುವ ಸುತಲಿ ಹೊಸೆದು ಕಟ್ಟಿ, ಅಂಚಿಗೆಲ್ಲ ಕಲ್ಲು ಹೇರಿದ. ಆ ರಾತ್ರಿ ಯಾರೂ ನೆನೆಸದ ಮಳೆ ಬಂತು, ಗಾಳಿಯ ಜೊತೆ. ಬೆಳಿಗ್ಗೆ ಟಾರ್ಪಾಲು ಬೇಲಿಯ ಮೇಲಿತ್ತು. ಒಣಗಿ ಬೆಳ್ಳಗಿದ್ದ ಪಾರ್ಚ್‌ಮೆಂಟ್ ಬೂದು ಬಣ್ಣಕ್ಕೆ ತಿರುಗಿ ನೀರಿನಲ್ಲಿ ಕೂತಿತ್ತು.

ಒಂಬತ್ತು ಗಂಟೆಗೆ ಎಸ್ಟೇಟಿನ ಮಾಲೀಕರು, ಸಾವ್ಕಾರ್ರ ಜೀಪು ಬಂತು. ಅವರು ಕೂಗಾಡಲಿಲ್ಲ. ತುಂಡಾದ ಹಗ್ಗ ಎತ್ತಿ ತುದಿ ನೋಡಿದರು. ಹರಿದದ್ದಲ್ಲ, ಕೊಯ್ದದ್ದು. ಯಾರು ಕೊಯ್ದದ್ದು ಎಂದು ಕೇಳಿದರು.

ಅಪ್ಪ ಹೇಳುತ್ತಾರೆಂದು ನಾನು ಕಾದೆ. ನಿಜವಾಗಿ ಕಾದೆ, ನನಗೆ ಸಂಶಯವೇ ಇರಲಿಲ್ಲ. ಅವರು ಮನೆಯೊಳಗೆ ಹೋಗಿ ನನ್ನ ನೋಟ್‌ಬುಕ್ ತಂದರು.

“ನಮ್ಮ ಹುಡುಗಿ ಶಾಲೆಗೆ ಅಂತ ದಿನಾ ಬರ್ದಿಡ್ತಾಳೆ. ಮಕ್ಳು ಸುಳ್ಳು ಬರ್ಯಲ್ಲ. ನೀವೇ ನೋಡಿ.”

ಸಾವ್ಕಾರ್ರು ಓದಿದರು. ಗಟ್ಟಿಯಾಗಿ ಓದಿದರು. ತಿಮ್ಮಣ್ಣನ ಚಾಕು, ಟಾರ್ಪಾಲಿನ ಹಗ್ಗ. ನನ್ನದೇ ದುಂಡು ಅಕ್ಷರ, ಅಪ್ಪನೇ ಎಳೆದ ಗೆರೆ. ಚಾಕು ಯಾರದು ಎಂಬುದಕ್ಕೆ ಮನೆ ಇತ್ತು. ಹಿಡಿದ ಕೈ ಯಾರದು ಎಂಬುದಕ್ಕೆ ಇರಲಿಲ್ಲ.

ತಿಮ್ಮಣ್ಣ ಅಪ್ಪನ ಮುಖ ನೋಡಲಿಲ್ಲ. ನನ್ನನ್ನು ನೋಡಿದ.

“ಪುಟ್ಟಿ ಬರ್ದಿದ್ದು ಸುಳ್ಳಲ್ಲ ಸಾವ್ಕಾರ್ರೆ. ಚಾಕು ನಂದೇ,” ಎಂದ. ಮತ್ತೆ ಸುಮ್ಮನಾದ. ಉಳಿದದ್ದನ್ನು ನಾನು ಹೇಳಲಿ ಎಂದು ಬಿಟ್ಟ ಜಾಗ ಅದು. ಅಷ್ಟು ಹನ್ನೊಂದು ವರ್ಷಕ್ಕೂ ಗೊತ್ತಾಗುತ್ತದೆ.

ನಾನು “ಅಪ್ಪಾ” ಎಂದೆ. ಅಷ್ಟೇ.

“ಒಳಗೆ ಹೋಗಿ ಸಾವ್ಕಾರ್ರಿಗೆ ಕಾಫಿ ತಗೊಂಡು ಬಾ,” ಎಂದರು ಅಪ್ಪ. ದನಿ ಏರಿಸಲಿಲ್ಲ. ನಾನು ಹೋದೆ. ಅಮ್ಮ ಹಾಲು ಕಾಯಿಸುವ ತನಕ ಒಲೆಯ ಮುಂದೆ ನಿಂತಿದ್ದೆ. ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಮ್ಮಣ್ಣನಿಗೆ ಕೆಲಸ ಇಲ್ಲ, ಕೂಲಿಯವರಿಗೆ ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕು.

ಮಾರನೆಯ ದಿನ, ಜನವರಿ ಹನ್ನೊಂದು, ಅವನು ಹೆಂಡತಿಯನ್ನೂ ಎರಡು ಗಂಟುಗಳನ್ನೂ ಕಳಸದ ಕಡೆಯ ಜೀಪಿಗೆ ಹತ್ತಿಸಿ ಕಣಕ್ಕೆ ಬಂದ. ನಾನು ಅಂಚಿನ ಕಲ್ಲಿನ ಹತ್ತಿರ ನಿಂತಿದ್ದೆ. ಅವನು ಜೇಬಿನಿಂದ ಚಾಕು ತೆಗೆದ. ಕಲ್ಲಿನ ಮೇಲೆ ಇಡುತ್ತಾನೆಂದು ನಾನು ಸ್ವಲ್ಪ ಸರಿದು ಜಾಗ ಬಿಟ್ಟೆ. ಅವನು ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಚಾಕುವನ್ನು ಅದರಲ್ಲಿಟ್ಟು ನನ್ನ ಬೆರಳುಗಳನ್ನು ಮುಚ್ಚಿದ. ಅವನ ಕೈ ಬೆಂಕಿಗೆ ಕಾಯಿಸಿಕೊಂಡ ಕೈಯ ಹಾಗೆ ಬಿಸಿಯಾಗಿತ್ತು, ಚಾಕು ತಣ್ಣಗಿತ್ತು.

“ಇನ್ನು ನಿಂಗೆ ನನ್ನ ಹಿಂದೆ ತಿರುಗಿ ಬರಿಯೋ ಕಷ್ಟ ಇಲ್ಲ,” ಎಂದ. ಪುಟ್ಟಿ ಎನ್ನಲಿಲ್ಲ.

ಮೇಷ್ಟ್ರು ನನ್ನ ನೋಟ್‌ಬುಕ್ಕಿಗೆ ಕೆಂಪು ಶಾಯಿಯಲ್ಲಿ “ಬಹಳ ಅಚ್ಚುಕಟ್ಟು” ಎಂದು ಬರೆದುಕೊಟ್ಟರು. ಅದನ್ನು ಅಪ್ಪನಿಗೆ ತೋರಿಸಲಿಲ್ಲ. ಆಮೇಲೆ ಯಾವ ಪುಸ್ತಕಕ್ಕೂ ಅವರಿಂದ ಗೆರೆ ಹಾಕಿಸಲಿಲ್ಲ.

ಅವರನ್ನು ಕೇಳಿದ್ದು ಒಂದೇ ಸಲ, ನನಗೆ ಹತ್ತೊಂಬತ್ತು ತುಂಬಿದಾಗ. ಅಪ್ಪ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಆವತ್ತು ಯಾಕೆ ಹೇಳಲಿಲ್ಲ ಎಂದೆ. ಯಾವತ್ತು ಎಂದು ಅವರು ಕೇಳಲಿಲ್ಲ.

“ಚಳಿಗೆ ಕೈ ಮರಗಟ್ಟಿತ್ತು ಕಣೇ,” ಎಂದರು. ಚಾಚಿದ್ದ ಕಾಲು ಮಡಚಿಕೊಂಡು, “ಮನೆ ಬಿಡು ಅಂದಿದ್ರೆ ನಾವು ಎಲ್ಲಿಗೆ ಹೋಗ್ಬೇಕಿತ್ತು?” ಎಂದರು. ತಿಮ್ಮಣ್ಣ ಎಲ್ಲಿಗೆ ಹೋದ ಎಂದು ಕೇಳಬೇಕೆಂದುಕೊಂಡೆ. ಅದನ್ನೂ ಕೇಳಲಿಲ್ಲ. ನನಗೆ ಅಭ್ಯಾಸವಾಗಿಬಿಟ್ಟಿತ್ತೋ ಏನೋ.

ಈಗ ನಾವಿರುವುದು ಮೂಡಿಗೆರೆ ಪೇಟೆಯಲ್ಲಿ. ಹೋದ ವಾರ ಅದೇ ಎಸ್ಟೇಟಿಗೆ ಹೋಗಿದ್ದೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕಣದಲ್ಲಿ ನಿಂತೆ. ಇಪ್ಪತ್ತಾರು ಜನ, ಒಂದೂ ಚಾಕು ಇಲ್ಲ. ಗೋಣಿ ಬಿಚ್ಚಲು ಪ್ಲಾಸ್ಟಿಕ್ ಹಿಡಿಯ ಬ್ಲೇಡು, ಅದನ್ನು ಒಬ್ಬರಿಂದ ಒಬ್ಬರಿಗೆ ಎಸೆಯುತ್ತಾರೆ. ಪಾರ್ಚ್‌ಮೆಂಟ್ ಒಣಗಿದ್ದು ನೋಡಲು ಬ್ಯಾಟರಿ ಹಾಕಿದ ಮೀಟರು. ಕಂಕುಳಲ್ಲಿ ಚಾಕು ಬೆಚ್ಚಗೆ ಮಾಡುತ್ತಾ ನಿಲ್ಲುವವರಿಲ್ಲ. ಬಗ್ಗಿ ನೆಲಕ್ಕಿಡುವವರೂ ಇಲ್ಲ.

ನೋಟ್‌ಬುಕ್ಕಿನ ಜನವರಿ ಒಂಬತ್ತರ ಸಾಲಿನ ಪಕ್ಕ, ಗೆರೆಯ ಆಚೆಗೆ, ಇವತ್ತು ಐದನೆಯ ಮನೆ ಎಳೆದಿದ್ದೇನೆ. “ಕೈ: ಅಪ್ಪನದು.” ತಿದ್ದಿದ್ದಲ್ಲ, ಸೇರಿಸಿದ್ದು. ಹದಿಮೂರು ವರ್ಷ ತಡವಾಗಿ.

ಓದುವವರಲ್ಲಿ ಯಾರಾದರೂ ಕಳಸದ ಕಡೆಯವರಿದ್ದರೆ, ಕುದುರೆಮುಖದ ಆಸುಪಾಸಿನವರಿದ್ದರೆ, ದಯವಿಟ್ಟು ನೆನಪಿಸಿಕೊಳ್ಳಿ. ತಿಮ್ಮಣ್ಣ ಎಂದು ಹೆಸರು, ತೆಳ್ಳಗಿದ್ದಾನೆ, ಈಗ ಅರವತ್ತೈದರ ಮೇಲಾಗಿರಬೇಕು. ಕಿತ್ತಳೆ ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಸುಲಿಯುತ್ತಾನೆ, ಕಾಫಿ ಬೀಜವನ್ನು ಹಲ್ಲಿಗೆ ಹಾಕದೆ ಅಲಗಿನಲ್ಲಿ ಒತ್ತಿ ನೋಡುತ್ತಾನೆ. ಎಲ್ಲಿದ್ದಾನೆಂದು ಗೊತ್ತಿದ್ದರೆ ಬರೆದು ತಿಳಿಸಿ. ತಾಮ್ರದ ತಂತಿ ಸುತ್ತಿದ ಚಾಕು ನನ್ನ ಹತ್ತಿರವೇ ಇದೆ, ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟು ಇಟ್ಟಿದ್ದೇನೆ. ಅವನಿರುವಲ್ಲಿಗೆ ನಾನೇ ಬರುತ್ತೇನೆ. ಕೈಗೆ ಕೊಡುವುದಿಲ್ಲ, ಅವನ ಮುಂದೆ ನೆಲದ ಮೇಲಿಡುತ್ತೇನೆ. ಎತ್ತಿಕೊಳ್ಳುವುದು ಬಿಡುವುದು ಅವನಿಗೆ ಬಿಟ್ಟದ್ದು.